ಸೊಯುಜ್ ಕೈಕೊಟ್ಟಾಗ: ಒನ್‌ವೆಬ್‌ನ 72 ಉಪಗ್ರಹಗಳು ಶ್ರೀಹರಿಕೋಟಾಕ್ಕೆ ಬಂದ ಪ್ರಕರಣ

2022ರ ಮಾರ್ಚ್ ಮೊದಲ ವಾರ. ಕಜಾಕಿಸ್ತಾನದ ಬೈಕನೂರಿನಲ್ಲಿ ಉಡಾವಣೆಗೆಂದು ತಂದು ನಿಲ್ಲಿಸಿದ್ದ ಸೊಯುಜ್ ರಾಕೆಟ್ಟಿನ ತಲೆಯ ಭಾಗದಲ್ಲಿ ಅಮೆರಿಕ, ಬ್ರಿಟನ್, ಜಪಾನ್ ಧ್ವಜಗಳ ಮೇಲೆ ಕೆಲಸಗಾರರು ಬಿಳಿ ಹಾಳೆ ಅಂಟಿಸಿದರು. ಭಾರತದ ಧ್ವಜವನ್ನು ಮುಟ್ಟಲಿಲ್ಲ. ಆ ವಿಡಿಯೊವನ್ನು ರಷ್ಯಾದ ಬಾಹ್ಯಾಕಾಶ ಸಂಸ್ಥೆ ರೋಸ್‌ಕಾಸ್ಮೊಸ್‌ನ ಅಂದಿನ ಮುಖ್ಯಸ್ಥ ದಿಮಿತ್ರಿ ರೊಗೊಜಿನ್ ತಾವೇ ಹಂಚಿಕೊಂಡರು. ಉಕ್ರೇನ್ ಮೇಲಿನ ಯುದ್ಧ ಶುರುವಾಗಿ ಆಗಿನ್ನೂ ಒಂದು ವಾರವಾಗಿತ್ತು. ಆ ರಾಕೆಟ್ಟಿನ ಒಳಗೆ ಲಂಡನ್ನಿನ ಒನ್‌ವೆಬ್ ಕಂಪನಿಯ 36 ಉಪಗ್ರಹಗಳಿದ್ದವು. ಅವು ಅಲ್ಲಿಂದ ಮೇಲೆ ಹೋಗಲಿಲ್ಲ.

ಏಳೂವರೆ ತಿಂಗಳ ನಂತರ ಅದೇ ಕಂಪನಿಯ ಬೇರೆ 36 ಉಪಗ್ರಹಗಳು ಶ್ರೀಹರಿಕೋಟಾದಿಂದ ಹಾರಿದವು. ಈ ವ್ಯಾಪಾರ ನಮಗೆ ಹೇಗೆ ಸಿಕ್ಕಿತು, ಮುಂದಿನದು ಬರಲು ಯಾಕೆ ಅಷ್ಟು ತಡವಾಯಿತು ಎಂಬುದನ್ನು ಬಿಡಿಸಿ ನೋಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಪೀಣ್ಯ ಕಡೆಯ ಸಣ್ಣ ಕಾರ್ಖಾನೆಗಳಿಗೆ ಟೆಂಡರ್, ಕೊಟೇಶನ್ ಬರೆದುಕೊಡುವ ಕೆಲಸ ನನ್ನದು. ‘ಸ್ಪೇಸ್‌ನಲ್ಲಿ ಭಾರಿ ಅವಕಾಶ ಇದೆಯಂತಲ್ಲ ಸಾರ್’ ಎಂದು ಕೇಳದವರೇ ಇಲ್ಲ. ಅವರಿಗೆಲ್ಲ ನಾನು ಹೇಳುವುದು ಈ ಒಂದು ಪ್ರಕರಣವನ್ನೇ.

ಗಿರಾಕಿಯ ಪರಿಸ್ಥಿತಿ

ಒನ್‌ವೆಬ್ ಅದಾಗಲೇ ಒಮ್ಮೆ ಮುಳುಗಿ ಎದ್ದ ಕಂಪನಿ. ಭೂಮಿಯಿಂದ 1,200 ಕಿ.ಮೀ. ಎತ್ತರದಲ್ಲಿ ನೂರಾರು ಸಣ್ಣ ಉಪಗ್ರಹಗಳ ಬಲೆ ಹೆಣೆದು, ಕೇಬಲ್ ತಲುಪದ ಊರು, ಹಡಗು, ವಿಮಾನಗಳಿಗೆ ಇಂಟರ್ನೆಟ್ ಕೊಡುವುದು ಅದರ ಯೋಜನೆ. ಒಂದೊಂದು ಉಪಗ್ರಹದ ತೂಕ ಸುಮಾರು 150 ಕಿಲೊ. 2019ರ ಫೆಬ್ರುವರಿಯಲ್ಲಿ ಮೊದಲ ಆರು ಹೋದವು. 2020ರ ಮಾರ್ಚ್‌ನಲ್ಲಿ ಕೋವಿಡ್ ಹೊಡೆತಕ್ಕೆ ದುಡ್ಡು ಹಾಕುತ್ತಿದ್ದವರು ಹಿಂದೆ ಸರಿದರು, ಕಂಪನಿ ದಿವಾಳಿ ಅರ್ಜಿ ಹಾಕಿತು. ಆಗ ಮೇಲಿದ್ದದ್ದು 74 ಉಪಗ್ರಹ ಮಾತ್ರ. ಬ್ರಿಟನ್ ಸರ್ಕಾರ ಮತ್ತು ಸುನಿಲ್ ಮಿತ್ತಲ್ ಅವರ ಭಾರ್ತಿ ಸಮೂಹ ತಲಾ 50 ಕೋಟಿ ಡಾಲರ್ ಹಾಕಿ ಅದನ್ನು ಹರಾಜಿನಲ್ಲಿ ಕೊಂಡವು.

ಮತ್ತೆ ಉಡಾವಣೆ ಶುರುವಾಗಿ 2022ರ ಫೆಬ್ರುವರಿ ಹೊತ್ತಿಗೆ 428 ಉಪಗ್ರಹಗಳು ಕಕ್ಷೆಯಲ್ಲಿದ್ದವು. ಯೋಜನೆ ಇದ್ದದ್ದು 648ಕ್ಕೆ. ಇಂಥ ಬಲೆಯಲ್ಲಿ ಉಪಗ್ರಹಗಳು ಧ್ರುವದಿಂದ ಧ್ರುವಕ್ಕೆ ಸುತ್ತುತ್ತವೆ. ಕಿತ್ತಳೆಯ ತೊಳೆಗಳು ಎರಡು ತುದಿಯಲ್ಲಿ ಕೂಡಿಕೊಂಡು ನಡುವೆ ಅಗಲವಾಗುವ ಹಾಗೆ, ಅವುಗಳ ದಾರಿಗಳು ಧ್ರುವದ ಹತ್ತಿರ ಒತ್ತಾಗಿಯೂ ಸಮಭಾಜಕದ ಹತ್ತಿರ ವಿರಳವಾಗಿಯೂ ಇರುತ್ತವೆ. ಹಾಗಾಗಿ ಅಲಾಸ್ಕಾ, ಕೆನಡಾ, ಉತ್ತರ ಯುರೋಪಿಗೆ ಮೊದಲು ಸೇವೆ ಸಿಗುತ್ತದೆ, ಭಾರತ, ಆಫ್ರಿಕಾಗಳಿಗೆ ಕೊನೆಗೆ. ಜನ ಹೆಚ್ಚಿರುವುದು, ಗಿರಾಕಿ ಹೆಚ್ಚಿರುವುದು ಈ ಕೊನೆಯ ಭಾಗದಲ್ಲೇ. ಬಾಕಿ ಇದ್ದ ಉಪಗ್ರಹಗಳು ಹೋಗದಿದ್ದರೆ ಅಷ್ಟು ದಿನ ಹಾಕಿದ ದುಡ್ಡಿಗೆ ಪೂರ್ತಿ ಫಲವಿರಲಿಲ್ಲ.

ಅಂಥ ಹೊತ್ತಿನಲ್ಲಿ ರೋಸ್‌ಕಾಸ್ಮೊಸ್ ಎರಡು ಷರತ್ತು ಇಟ್ಟಿತು. ಉಪಗ್ರಹಗಳನ್ನು ಸೇನೆಯ ಕೆಲಸಕ್ಕೆ ಬಳಸುವುದಿಲ್ಲವೆಂದು ಖಾತರಿ ಕೊಡಬೇಕು. ಬ್ರಿಟನ್ ಸರ್ಕಾರ ತನ್ನ ಪಾಲನ್ನು ಬಿಟ್ಟುಕೊಡಬೇಕು. ಒಪ್ಪುವ ಮಾತೇ ಇರಲಿಲ್ಲ. ಬೈಕನೂರಿನ ಉಡಾವಣೆಗಳನ್ನೆಲ್ಲ ನಿಲ್ಲಿಸುವುದಾಗಿ ಒನ್‌ವೆಬ್ ಆಡಳಿತ ಮಂಡಳಿ ತೀರ್ಮಾನಿಸಿತು. ಮುಂದೂಡಿದ ಉಡಾವಣೆ, ವಾಪಸ್ ಬಾರದ ಉಪಗ್ರಹ ಎಲ್ಲ ಸೇರಿ ಸುಮಾರು 22.9 ಕೋಟಿ ಡಾಲರ್ ನಷ್ಟವನ್ನು ಕಂಪನಿ ಲೆಕ್ಕಕ್ಕೆ ಬರೆದುಕೊಂಡಿತು.

ಯಾರ ಹತ್ತಿರ ರಾಕೆಟ್ ಇತ್ತು?

ಈ ಪ್ರಕರಣದ ತಿರುಳು ಇಲ್ಲಿದೆ. ಆ ಮಾರ್ಚ್ ತಿಂಗಳಲ್ಲಿ ಐದಾರು ಟನ್ ಸರಕನ್ನು ವರ್ಷದೊಳಗೆ ಮೇಲೆ ಒಯ್ಯಬಲ್ಲವರು ಜಗತ್ತಿನಲ್ಲಿ ಎಷ್ಟು ಜನ? ಯುರೋಪಿನ ಆರಿಯಾನ್ 5 ತನ್ನ ಕೊನೆಯ ಕೆಲವು ಉಡಾವಣೆಗಳಲ್ಲಿತ್ತು, ಅವೆಲ್ಲ ಮೊದಲೇ ಮಾರಾಟವಾಗಿದ್ದವು. ಅದರ ಜಾಗಕ್ಕೆ ಬರಬೇಕಿದ್ದ ಆರಿಯಾನ್ 6 ಹಾರಿದ್ದು 2024ರ ಜುಲೈಯಲ್ಲಿ. ಅಮೆರಿಕದ ವಲ್ಕನ್ ಮೊದಲ ಸಲ ಹಾರಿದ್ದು 2024ರ ಜನವರಿಯಲ್ಲಿ. ಜಪಾನಿನ ಎಚ್3 ಮೊದಲ ಯತ್ನದಲ್ಲೇ, 2023ರ ಮಾರ್ಚ್‌ನಲ್ಲಿ, ವಿಫಲವಾಯಿತು. ಚೀನಾದ ರಾಕೆಟ್ ಈ ಗಿರಾಕಿಗೆ ಆಗಿಬರುವಂಥದ್ದಲ್ಲ.

ಉಳಿದದ್ದು ಎರಡೇ: ಎಲಾನ್ ಮಸ್ಕ್ ಅವರ ಸ್ಪೇಸ್‌ಎಕ್ಸ್, ಮತ್ತು ನಮ್ಮ ಇಸ್ರೊದ ಅತಿ ದೊಡ್ಡ ರಾಕೆಟ್ ಎಲ್‌ವಿಎಂ3. ಸ್ಪೇಸ್‌ಎಕ್ಸ್ ನಡೆಸುವ ಸ್ಟಾರ್‌ಲಿಂಕ್ ಒನ್‌ವೆಬ್‌ನ ನೇರ ಪ್ರತಿಸ್ಪರ್ಧಿ. ಆದರೂ ಮಾರ್ಚ್ 21ರಂದು ಒನ್‌ವೆಬ್ ಅವರ ಜೊತೆ ಒಪ್ಪಂದ ಮಾಡಿಕೊಂಡಿತು. ಎದುರು ಅಂಗಡಿಯವನ ಲಾರಿಯಲ್ಲಿ ನಮ್ಮ ಸರಕು ಸಾಗಿಸಿದ ಹಾಗೆ. ಬೇರೆ ದಾರಿ ಇರಲಿಲ್ಲ. ಎಲ್ಲ ಸರಕನ್ನೂ ಅದೇ ಲಾರಿಗೆ ಹಾಕಲು ಮಾತ್ರ ಯಾವ ವ್ಯಾಪಾರಿಗೂ ಧೈರ್ಯ ಬರುವುದಿಲ್ಲ. ಏಪ್ರಿಲ್ 20ಕ್ಕೆ ಎರಡನೆಯ ಒಪ್ಪಂದ ಬೆಂಗಳೂರಿನ ನ್ಯೂಸ್ಪೇಸ್ ಇಂಡಿಯಾ ಲಿಮಿಟೆಡ್ ಜೊತೆ ಆಯಿತು. ಎನ್‌ಎಸ್‌ಐಎಲ್ ಎಂದು ಕರೆಯುವ ಇದು 2019ರಲ್ಲಿ ಹುಟ್ಟಿದ, ಇಸ್ರೊದ ತಂತ್ರಜ್ಞಾನವನ್ನು ಮಾರುಕಟ್ಟೆಗೆ ತರುವ ಸರ್ಕಾರಿ ಕಂಪನಿ. ಎರಡು ಉಡಾವಣೆ, 72 ಉಪಗ್ರಹ, 1,000 ಕೋಟಿ ರೂಪಾಯಿಗೂ ಮೇಲಿನ ವ್ಯವಹಾರ.

ಭಾರ್ತಿಯ ಪಾಲು ಇದ್ದದ್ದರಿಂದಲೇ ಆರ್ಡರ್ ಬಂತು ಎನ್ನುವವರಿದ್ದಾರೆ. ಮಾಲೀಕರಲ್ಲಿ ಒಬ್ಬರು ಭಾರತೀಯರಾಗಿದ್ದು ಬಾಗಿಲು ತಟ್ಟಲು ಅನುಕೂಲವಾಗಿರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಾಗಿಲು ತೆರೆದಾಗ ಒಳಗೆ ರಾಕೆಟ್ ಇರಬೇಕಲ್ಲ? ಇತ್ತು. ಯಾಕೆಂದರೆ 2018ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಇದೇ ರಾಕೆಟ್ಟಿನ ಹತ್ತು ಉಡಾವಣೆಗಳಿಗೆ 4,338 ಕೋಟಿ ರೂಪಾಯಿ ಮಂಜೂರು ಮಾಡಿತ್ತು. ಆಗ ಅದರ ಹೆಸರು ಜಿಎಸ್‌ಎಲ್‌ವಿ ಮಾರ್ಕ್ 3. ಒನ್‌ವೆಬ್‌ಗಾಗಿ ಯಾರೂ ಮಂಜೂರು ಮಾಡಿದ್ದಲ್ಲ. ನಮ್ಮದೇ ಉಪಗ್ರಹ, ನಮ್ಮದೇ ಕಾರ್ಯಕ್ರಮಗಳಿಗೆಂದು ಬಿಡಿಭಾಗಗಳು ಕಾರ್ಖಾನೆಗಳಲ್ಲಿ ತಯಾರಾಗುತ್ತಿದ್ದವು. ಮೋಟಾರು, ಟ್ಯಾಂಕು, ಎಂಜಿನ್ ಒಂದೊಂದಕ್ಕೂ ಬಹಳ ತಿಂಗಳು ಹಿಡಿಯುತ್ತದೆ. ಏಪ್ರಿಲ್‌ನಲ್ಲಿ ಸಹಿ ಹಾಕಿ ಅಕ್ಟೋಬರ್‌ನಲ್ಲಿ ಹಾರಿಸಲು ಸಾಧ್ಯವಾದದ್ದು ನಾಲ್ಕು ವರ್ಷ ಹಿಂದೆ ಬಿದ್ದ ಆ ಒಂದು ಸಹಿಯಿಂದ.

ದರದ ಲೆಕ್ಕವನ್ನೂ ಒಮ್ಮೆ ನೋಡಿ. ಹತ್ತಕ್ಕೆ 4,338 ಕೋಟಿ ಎಂದರೆ ಒಂದಕ್ಕೆ 430 ಕೋಟಿ ಆಸುಪಾಸು. ಆ ಮಂಜೂರಾತಿಯಲ್ಲಿ ರಾಕೆಟ್ ಬಿಟ್ಟು ಬೇರೆ ಖರ್ಚೂ ಸೇರಿರುತ್ತದೆ, ವರ್ಷಗಳೂ ಕಳೆದಿವೆ, ಹಾಗಾಗಿ ಇದನ್ನು ಮಾರಾಟದ ಬೆಲೆಗೆ ನೇರವಾಗಿ ಹೋಲಿಸಲಾಗದು. ಆದರೂ ಒಂದು ಉಡಾವಣೆಗೆ 500 ಕೋಟಿ ಎಂಬುದು ಬಿಟ್ಟಿ ಮಾರಾಟವಲ್ಲ ಎಂಬುದು ಗೊತ್ತಾಗುತ್ತದೆ. ‘ಇಸ್ರೊ ಅಗ್ಗ, ಅದಕ್ಕೇ ಬರುತ್ತಾರೆ’ ಎಂಬ ಮಾತು ಈ ಪ್ರಕರಣಕ್ಕೆ ಹೊಂದುವುದಿಲ್ಲ. ಒನ್‌ವೆಬ್‌ಗೆ ಬೇಕಾಗಿದ್ದದ್ದು ದಿನಾಂಕ.

ಆ ರಾತ್ರಿ

ವಿದೇಶಿ ಉಪಗ್ರಹ ಹಾರಿಸುವುದು ನಮಗೆ ಹೊಸದಲ್ಲ. 2017ರ ಫೆಬ್ರುವರಿಯಲ್ಲಿ ನಮ್ಮ ಇನ್ನೊಂದು ರಾಕೆಟ್ ಪಿಎಸ್‌ಎಲ್‌ವಿ ಒಂದೇ ಸಲ 104 ಉಪಗ್ರಹ ಒಯ್ದಿತ್ತು, ಅದರಲ್ಲಿ 101 ಹೊರದೇಶದವು. ಆದರೆ ಅವುಗಳಲ್ಲಿ ಹೆಚ್ಚಿನವು ಕೆಲವೇ ಕಿಲೊ ತೂಕದವು, ನಮ್ಮ ದೊಡ್ಡ ಉಪಗ್ರಹದ ಜೊತೆ ಸಹಪ್ರಯಾಣಿಕರಾಗಿ ಹೋದವು. ಬಸ್ಸಿನಲ್ಲಿ ಖಾಲಿ ಸೀಟು ಮಾರುವುದು ಬೇರೆ, ಮದುವೆ ದಿಬ್ಬಣಕ್ಕೆ ಇಡೀ ಬಸ್ಸು ಗೊತ್ತುಮಾಡಿ ಹೇಳಿದ ಮುಹೂರ್ತಕ್ಕೆ ಮುಟ್ಟಿಸುವುದು ಬೇರೆ. ಸುಮಾರು ಆರು ಟನ್ ವಿದೇಶಿ ಸರಕಿಗೆ ನಮ್ಮ ಅತಿ ದೊಡ್ಡ ರಾಕೆಟ್ಟನ್ನು ಪೂರ್ತಿಯಾಗಿ ಕೊಟ್ಟದ್ದು ಇದೇ ಮೊದಲು. ಎಲ್‌ವಿಎಂ3 ಅದಕ್ಕೆ ಮುಂಚೆ ಹಾರಿದ್ದು ನಾಲ್ಕೇ ಸಲ. ಕೊನೆಯದು 2019ರ ಜುಲೈಯಲ್ಲಿ, ಚಂದ್ರಯಾನ-2 ಹೊತ್ತು.

2022ರ ಅಕ್ಟೋಬರ್ 23, ರಾತ್ರಿ 12 ಗಂಟೆ 7 ನಿಮಿಷ. ನಮ್ಮ ಮನೆಗಳಲ್ಲಿ ಅಂದು ಸಂಜೆ ನೀರು ತುಂಬುವ ಹಬ್ಬ. 43.5 ಮೀಟರ್ ಎತ್ತರದ, 640 ಟನ್ ಮೀರಿದ ರಾಕೆಟ್ 5,796 ಕಿಲೊ ಹೊತ್ತು ಎದ್ದಿತು. ನಾನು ಮನೆಯಲ್ಲಿ ಕೂತು ನೇರ ಪ್ರಸಾರ ನೋಡುತ್ತಿದ್ದೆ. ಉಡಾವಣೆಯ ಸದ್ದು, ಬೆಂಕಿ ಎಲ್ಲ ಮುಗಿದ ಮೇಲೆ ನಿಜವಾದ ಪರೀಕ್ಷೆ ಶುರುವಾಯಿತು. 36 ಉಪಗ್ರಹಗಳನ್ನು ಒಟ್ಟಿಗೆ ಬಿಡುವಂತಿಲ್ಲ, ಬಿಟ್ಟರೆ ಒಂದಕ್ಕೊಂದು ತಾಗುತ್ತವೆ. ನಾಲ್ಕು ನಾಲ್ಕರಂತೆ ಒಂಬತ್ತು ಕಂತು. ಪ್ರತಿ ಕಂತಿಗೂ ರಾಕೆಟ್ಟಿನ ಮೇಲಿನ ಹಂತ, ಅಂದರೆ ಅತಿ ತಂಪಿನ ದ್ರವ ಇಂಧನದ ಕ್ರಯೋಜೆನಿಕ್ ಹಂತ, ತನ್ನ ಮುಖವನ್ನು ಬೇರೆ ದಿಕ್ಕಿಗೆ ತಿರುಗಿಸಿ, ಸ್ಥಿರವಾಗಿ ನಿಂತು, ನಾಲ್ಕನ್ನು ಮೆತ್ತಗೆ ದೂಡಿ, ಮತ್ತೆ ತಿರುಗಬೇಕು. ಒಂದು ಗಂಟೆಗೂ ಹೆಚ್ಚಿನ ಕೆಲಸ. ತುಂಬು ಕೊಡ ಹೊತ್ತವಳು ನೀರು ತುಳುಕದಂತೆ ಮೈ ತಿರುಗಿಸುವಂಥ ನಾಜೂಕು ಅದಕ್ಕೆ ಬೇಕು.

ಮೊದಲ ನಾಲ್ಕು, ಎಂಟು, ಹನ್ನೆರಡು, ಹದಿನಾರು. ಆಮೇಲೆ ಮೇಲಿನ ಹಂತ ನೆಲದ ನಿಲ್ದಾಣಗಳ ಕಣ್ಣಿಂದ ಮರೆಯಾಯಿತು. ಹದಿನಾರು ಬೇರ್ಪಟ್ಟಿವೆ, ಉಳಿದ ಇಪ್ಪತ್ತರ ಸಂಕೇತ ಸ್ವಲ್ಪ ತಡವಾಗಿ ಸಿಗುತ್ತದೆ ಎಂದು ನಿಯಂತ್ರಣ ಕೊಠಡಿಯಿಂದ ಹೇಳಿದರು. ಬೆಳಗಾಗುವ ಹೊತ್ತಿಗೆ 36ಕ್ಕೆ 36 ಸರಿಯಾಗಿವೆ ಎಂಬ ಸುದ್ದಿ ಬಂತು. ಸುಮಾರು 600 ಕಿ.ಮೀ. ಎತ್ತರದಲ್ಲಿ ಇಳಿದ ಉಪಗ್ರಹಗಳು ಅಲ್ಲಿಂದ ತಮ್ಮ ಪುಟ್ಟ ಎಂಜಿನ್‌ಗಳ ಬಲದಲ್ಲಿ 1,200 ಕಿ.ಮೀ.ಗೆ ಏರಿದವು. ಉಪಗ್ರಹ ಕಟ್ಟಿದವರು ಫ್ಲಾರಿಡಾದಲ್ಲಿ, ಗಿರಾಕಿ ಲಂಡನ್ನಿನಲ್ಲಿ, ರಾಕೆಟ್ ಆಂಧ್ರದ ಕರಾವಳಿಯಲ್ಲಿ. ಆರೇ ತಿಂಗಳಲ್ಲಿ ಇಷ್ಟನ್ನು ಜೋಡಿಸಿದ ಎಂಜಿನಿಯರುಗಳ ಬಗ್ಗೆ ನನಗೆ ಅಪಾರ ಗೌರವ.

ಐದು ದಿನ ಕಳೆದು, ಅಕ್ಟೋಬರ್ 28ಕ್ಕೆ, ಎರಡನೆಯ ಉಡಾವಣೆಯ ಕ್ರಯೋಜೆನಿಕ್ ಎಂಜಿನನ್ನು ತಮಿಳುನಾಡಿನ ಮಹೇಂದ್ರಗಿರಿಯಲ್ಲಿ ಉರಿಸಿ ಪರೀಕ್ಷಿಸಿದರು. 2023ರ ಮಾರ್ಚ್ 26ರ ಬೆಳಿಗ್ಗೆ 9ಕ್ಕೆ ಅದು ಹಾರಿತು. ಅದರೊಂದಿಗೆ ಒನ್‌ವೆಬ್‌ನ ಉಪಗ್ರಹಗಳು 618 ಆದವು, ಇಡೀ ಭೂಮಿಗೆ ಸೇವೆ ಕೊಡಲು ಅಷ್ಟು ಸಾಕಾಯಿತು.

ಮುಂದಿನ ಆರ್ಡರ್ ಎಲ್ಲಿ?

ಇಲ್ಲಿಗೆ ನಿಲ್ಲಿಸಿದರೆ ಇದು ಬರೀ ಗೆಲುವಿನ ಕತೆ. ಆದರೆ ಅದೇ ಹೊತ್ತಿನಲ್ಲಿ ಸ್ಪೇಸ್‌ಎಕ್ಸ್ ಏನು ಮಾಡಿತು ನೋಡಿ. 2022ರ ಡಿಸೆಂಬರ್, 2023ರ ಜನವರಿ, ಮಾರ್ಚ್: ಮೂರು ತಿಂಗಳಲ್ಲಿ ಮೂರು ಸಲ, ತಲಾ 40 ಒನ್‌ವೆಬ್ ಉಪಗ್ರಹ. ಅದರ ನಡುವೆ ತನ್ನ ಸ್ಟಾರ್‌ಲಿಂಕ್‌ಗಳನ್ನೂ ಹಾರಿಸುತ್ತಲೇ ಇತ್ತು. 2022ರಲ್ಲಿ ಅವರ ಒಟ್ಟು ಉಡಾವಣೆ 61, ನಮ್ಮದು 5. 2023ರಲ್ಲಿ ಅವರದು 96, ನಮ್ಮದು 7.

ಇನ್ನು ಎಲ್‌ವಿಎಂ3 ಬಗ್ಗೆಯೇ ಹೇಳುವುದಾದರೆ, ಒನ್‌ವೆಬ್ ಆದ ಮೇಲೆ 2023ರ ಜುಲೈಯಲ್ಲಿ ಚಂದ್ರಯಾನ-3ನ್ನು ಹೊತ್ತು ಹೋಯಿತು. ಅದರ ನಂತರದ ಉಡಾವಣೆ 2025ರ ನವೆಂಬರ್ 2ರಂದು. ಎರಡು ವರ್ಷಕ್ಕೂ ಹೆಚ್ಚು ಕಾಲ ಆ ರಾಕೆಟ್ ಹಾರಲೇ ಇಲ್ಲ. ಅದೇ ಅವಧಿಯಲ್ಲಿ, ಆರಿಯಾನ್ 6 ಬರುವವರೆಗೆ, ಯುರೋಪಿನ ಹತ್ತಿರ ದೊಡ್ಡ ರಾಕೆಟ್ಟೇ ಇಲ್ಲದೆ ಅವರು ತಮ್ಮ ಉಪಗ್ರಹಗಳನ್ನು ಸ್ಪೇಸ್‌ಎಕ್ಸ್‌ಗೆ ಕೊಡುತ್ತಿದ್ದರು. ಒನ್‌ವೆಬ್ ಅಷ್ಟು ಚೆನ್ನಾಗಿ ಮುಗಿದಿದ್ದರೂ, ಗಿರಾಕಿಗಳು ಹುಡುಕಿಕೊಂಡು ಅಲೆಯುತ್ತಿದ್ದರೂ, ನಾವು ಕೊಡಲು ಕಪಾಟಿನಲ್ಲಿ ರಾಕೆಟ್ ಇರಲಿಲ್ಲ. ಗಗನಯಾನಕ್ಕೆಂದು ಇದೇ ರಾಕೆಟ್ಟನ್ನು ಮನುಷ್ಯರನ್ನು ಒಯ್ಯುವ ಮಟ್ಟಕ್ಕೆ ತರುವ ಕೆಲಸವೂ ನಡೆದಿತ್ತು, ಅದು ದೇಶಕ್ಕೆ ಬೇಕಾದದ್ದೇ. ಆದರೆ ವ್ಯಾಪಾರದ ದೃಷ್ಟಿಯಿಂದ ಆ ಎರಡು ವರ್ಷ ನನಗೆ ಇಂದಿಗೂ ಸಂಕಟ ಕೊಡುತ್ತದೆ.

ಒನ್‌ವೆಬ್ ನಂತರದ ದೊಡ್ಡ ವಾಣಿಜ್ಯ ಸರಕು ಹೋದದ್ದು 2025ರ ಡಿಸೆಂಬರ್ 24ರಂದು: ಅಮೆರಿಕದ ಎಎಸ್‌ಟಿ ಸ್ಪೇಸ್‌ಮೊಬೈಲ್ ಕಂಪನಿಯ ಬ್ಲೂಬರ್ಡ್ ಉಪಗ್ರಹ, ತೂಕ ಸುಮಾರು 6,100 ಕಿಲೊ. ಭಾರತದ ನೆಲದಿಂದ ಅಷ್ಟು ಭಾರ ಹಿಂದೆಂದೂ ಹೋಗಿರಲಿಲ್ಲ. ಹಿಂದಿನ ಉಡಾವಣೆಗೂ ಇದಕ್ಕೂ ಎರಡು ತಿಂಗಳ ಅಂತರವೂ ಇರಲಿಲ್ಲ ಎಂಬುದು ನನಗೆ ತೂಕಕ್ಕಿಂತ ಹೆಚ್ಚು ಖುಷಿ ಕೊಟ್ಟ ಸಂಗತಿ.

ಪೀಣ್ಯಕ್ಕೆ ಇದರಿಂದ ಏನು?

ಅವಕಾಶ ಎಲ್ಲಿದೆ ಎಂದು ಕೇಳುವವರಿಗೆ ನನ್ನ ಉತ್ತರ: ವರ್ಷಕ್ಕೆ ಎರಡು ರಾಕೆಟ್ ಇದ್ದದ್ದನ್ನು ನಾಲ್ಕು, ಆರು ಮಾಡುವುದರಲ್ಲಿ. ಉಪಗ್ರಹ ಚಿತ್ರ, ಡೇಟಾ, ಆ್ಯಪ್ ಎಲ್ಲದರಲ್ಲೂ ದುಡ್ಡಿದೆ, ಬೆಂಗಳೂರಿನಲ್ಲೇ ಒಳ್ಳೊಳ್ಳೆಯ ಸ್ಟಾರ್ಟ್‌ಅಪ್‌ಗಳಿವೆ. ಆದರೆ ಲೇತ್, ಮಿಲ್ಲಿಂಗ್, ವೆಲ್ಡಿಂಗ್ ಬಲ್ಲವರ ದಾರಿ ಕಾರ್ಖಾನೆಯ ಕಡೆಯಿಂದಲೇ.

ಎಲ್‌ವಿಎಂ3 ಒಂದೇ ಕಡೆ ತಯಾರಾಗುವ ವಸ್ತುವಲ್ಲ. ಪಕ್ಕದ ಎರಡು ಘನ ಇಂಧನದ ಬೂಸ್ಟರ್‌ಗಳ ಉಕ್ಕಿನ ಕವಚಕ್ಕೆ ಎಲ್ ಆ್ಯಂಡ್ ಟಿ, ವಾಲ್‌ಚಂದ್‌ನಗರದಂಥ ಕಂಪನಿಗಳು. ದ್ರವ ಇಂಧನದ ವಿಕಾಸ್ ಎಂಜಿನ್ನಿಗೆ ಮುಂಬೈನ ಗೋದ್ರೆಜ್, ಹೈದರಾಬಾದಿನ ಎಂಟಾರ್. ಟ್ಯಾಂಕುಗಳು ನಮ್ಮ ಎಚ್‌ಎಎಲ್‌ನಲ್ಲಿ. 2020ರಲ್ಲಿ ಎಚ್‌ಎಎಲ್ ಈ ರಾಕೆಟ್ಟಿನ ಮುಂದಿನ ರೂಪಕ್ಕೆಂದು ದ್ರವ ಹೈಡ್ರೋಜನ್ ತುಂಬುವ ಟ್ಯಾಂಕ್ ಒಂದನ್ನು ಇಸ್ರೊಗೆ ಕೊಟ್ಟಿತು. ನಾಲ್ಕು ಮೀಟರ್ ಅಗಲ, ಎಂಟು ಮೀಟರ್ ಉದ್ದ, ಅಲ್ಯೂಮಿನಿಯಂ ಮಿಶ್ರಲೋಹ. ಅದರಲ್ಲಿ ಬೆಸುಗೆ ಹಾಕಿದ ಉದ್ದ 115 ಮೀಟರ್. ಅಷ್ಟೂ ಬೆಸುಗೆಗೆ ಎಕ್ಸ್‌ರೇ ತೆಗೆಯಬೇಕು, ಬಣ್ಣದ ದ್ರಾವಣ ಹಚ್ಚಿ ಕೂದಲೆಳೆ ಬಿರುಕು ಹುಡುಕಬೇಕು, ಗಾಳಿ ಸೋರದೆಂದು ಖಾತರಿ ಮಾಡಿಕೊಳ್ಳಬೇಕು. ಒಳಗೆ ತುಂಬುವ ಹೈಡ್ರೋಜನ್ ಶೂನ್ಯಕ್ಕಿಂತ 253 ಡಿಗ್ರಿ ಕೆಳಗಿನ ತಂಪಿನದು, ಅಣು ಅಷ್ಟು ಸಣ್ಣದೆಂದರೆ ಎಲ್ಲಿ ಸಂದಿ ಸಿಕ್ಕರೂ ನುಸುಳುತ್ತದೆ. ನೂರ ಹದಿನಾಲ್ಕು ಮೀಟರ್ ಚೆನ್ನಾಗಿದ್ದು ಕೊನೆಯ ಮೀಟರಿನಲ್ಲಿ ಒಂದು ಗುಳ್ಳೆ ಇದ್ದರೂ ಟ್ಯಾಂಕ್ ಪಾಸಾಗುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ, ಒನ್‌ವೆಬ್ ಉಡಾವಣೆಗೆ ಒಂದು ತಿಂಗಳು ಮುಂಚೆ, ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಬೆಂಗಳೂರಿನ ಎಚ್‌ಎಎಲ್‌ನಲ್ಲಿ 208 ಕೋಟಿ ರೂಪಾಯಿಯ ಕ್ರಯೋಜೆನಿಕ್ ಎಂಜಿನ್ ಘಟಕ ಉದ್ಘಾಟಿಸಿದರು.

ಅದೇ ತಿಂಗಳು ಎಚ್‌ಎಎಲ್ ಮತ್ತು ಎಲ್ ಆ್ಯಂಡ್ ಟಿ ಒಕ್ಕೂಟಕ್ಕೆ ಐದು ಪಿಎಸ್‌ಎಲ್‌ವಿ ಕಟ್ಟುವ 860 ಕೋಟಿಯ ಆರ್ಡರ್ ಸಿಕ್ಕಿತು. 2025ರ ಜೂನ್‌ನಲ್ಲಿ ಸಣ್ಣ ರಾಕೆಟ್ ಎಸ್‌ಎಸ್‌ಎಲ್‌ವಿ ತಂತ್ರಜ್ಞಾನವನ್ನು 511 ಕೋಟಿಗೆ ಎಚ್‌ಎಎಲ್ ಗೆದ್ದುಕೊಂಡಿತು. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ವಿದೇಶಿ ಬಂಡವಾಳದ ನಿಯಮ ಸಡಿಲಿಸಿ, ಬಿಡಿಭಾಗ ತಯಾರಿಕೆಗೆ ಶೇ 100, ರಾಕೆಟ್‌ಗೆ ಶೇ 49ರವರೆಗೆ ನೇರ ಅನುಮತಿ ಕೊಟ್ಟಿತು. ಬಾಗಿಲುಗಳು ತೆರೆದಿವೆ. ಜೊತೆಗೆ ಎಚ್ಚರಿಕೆಯೂ ಬೇಕು: 2025ರ ಮೇ 18ರಂದು ಪಿಎಸ್‌ಎಲ್‌ವಿಯ ಮೂರನೆಯ ಹಂತದಲ್ಲಿ ಒತ್ತಡ ಕುಸಿದು ಉಪಗ್ರಹ ಕೈತಪ್ಪಿತು. ಸಂಖ್ಯೆ ಹೆಚ್ಚಿಸುವ ಆತುರದಲ್ಲಿ ಒಂದು ತಪಾಸಣೆಯೂ ಜಾರಬಾರದು.

ಕಳೆದ ವರ್ಷ ಪೀಣ್ಯ ಎರಡನೆಯ ಹಂತದಲ್ಲಿ ಒಬ್ಬರ ಕಾರ್ಖಾನೆಗೆ ಹೋಗಿದ್ದೆ. ಇಪ್ಪತ್ತು ವರ್ಷದಿಂದ ವಾಹನಗಳ ಬಿಡಿಭಾಗ ಮಾಡುವವರು, ಮೊದಲ ಸಲ ಬಾಹ್ಯಾಕಾಶದ ಜಾಬ್ ಕೈಗೆ ಬಂದಿತ್ತು. ಮೇಜಿನ ಮೇಲೆ ಹಳದಿ ಬಟ್ಟೆಯಲ್ಲಿ ಸುತ್ತಿಟ್ಟ ಅಂಗೈಯಗಲದ ಒಂದು ರಿಂಗ್. ಪಕ್ಕದಲ್ಲಿ ಅದರ ಕಡತ, ರಿಂಗಿಗಿಂತ ದಪ್ಪ. ಲೋಹದ ಗಟ್ಟಿ ಯಾವ ಕರಗಿಸುವಿಕೆಯದು ಎಂಬ ಹೀಟ್ ನಂಬರಿನಿಂದ ಹಿಡಿದು, ಯಾವ ದಿನ ಯಾವ ಯಂತ್ರದಲ್ಲಿ ಯಾರು ಕಡೆದರು, ಅಳತೆ ಎಷ್ಟು ಬಂತು ಎನ್ನುವವರೆಗೆ ಎಲ್ಲ ಅದರಲ್ಲಿತ್ತು. ಲೋಹ ಗಿರಾಕಿಯೇ ಕೊಟ್ಟದ್ದು, ಹಾಗಾಗಿ ಉದುರಿದ ತುರಿಯನ್ನೂ ತೂಕ ಮಾಡಿ ವಾಪಸ್ ಕಳಿಸಬೇಕು.

‘ಕಡೆಯೋದು ಕಷ್ಟ ಅಲ್ಲ ಸಾರ್, ನಮ್ಮ ಹುಡುಗರು ಹತ್ತು ಮೈಕ್ರಾನ್ ಹಿಡೀತಾರೆ,’ ಎಂದರು. ‘ಬರೆಯೋದೇ ಕಷ್ಟ. ಒಂದು ಪೀಸಿಗೆ ಕಡೆಯೋಕೆ ಅರ್ಧ ದಿನ, ಪೇಪರಿಗೆ ಎರಡು ದಿನ.’

‘ರೇಟಿನಲ್ಲಿ ಪೇಪರಿನ ಎರಡು ದಿನ ಹಾಕಿದ್ದೀರಾ?’

ಹಾಕಿರಲಿಲ್ಲ. ವಾಹನದ ಬಿಡಿಭಾಗಕ್ಕೆ ಲೆಕ್ಕ ಹಾಕುವ ಹಾಗೆ ಯಂತ್ರದ ಗಂಟೆಗಿಷ್ಟು ಎಂದು ಕೊಟೇಶನ್ ಕೊಟ್ಟಿದ್ದರು. ಹೊಸದಾಗಿ ಈ ಕೆಲಸಕ್ಕೆ ಇಳಿಯುವ ಎಷ್ಟೋ ಜನ ಎಡವುವುದು ಇಲ್ಲೇ. ತಪಾಸಣೆ, ದಾಖಲೆ, ಮೊದಲ ಪೀಸ್ ಒಪ್ಪಿಗೆಗೆ ಕಾಯುವ ವಾರಗಳು, ತಿರಸ್ಕೃತವಾದರೆ ಲೋಹದ ಬೆಲೆ, ಬಿಲ್ಲು ಪಾಸಾಗುವವರೆಗಿನ ಬಡ್ಡಿ ಎಲ್ಲವನ್ನೂ ದರದೊಳಗೆ ತರದಿದ್ದರೆ ಹೆಮ್ಮೆ ಉಳಿಯುತ್ತದೆ, ದುಡ್ಡು ಉಳಿಯುವುದಿಲ್ಲ. ಇಬ್ಬರೂ ಕೂತು ಹೊಸ ಲೆಕ್ಕ ಹಾಕಿದೆವು. ದರ ಹಳೆಯದರ ಎರಡರಷ್ಟಕ್ಕೂ ಮೇಲೆ ಹೋಯಿತು.

ಏಳುವಾಗ ಅವರು ಕೇಳಿದ್ದು ಒಂದೇ ಮಾತು. ‘ಸಾರ್, ವರ್ಷಕ್ಕೆ ಎಷ್ಟು ಸೆಟ್ ಬರಬಹುದು? ಹನ್ನೆರಡು ಪೀಸ್ ಆದ್ರೆ ಇರೋ ಯಂತ್ರದಲ್ಲೇ ಮಾಡಿಕೊಡ್ತೀನಿ. ಮೂವತ್ತಾರು ಅಂದ್ರೆ ಸಾಲ ಮಾಡಿ ಹೊಸ ಯಂತ್ರ, ಅಳತೆಗೆ ಒಂದು ಸಿಎಂಎಂ, ಬರೆಯೋಕೆ ಒಬ್ಬ ಹುಡುಗ, ಎಲ್ಲ ಇಡ್ತೀನಿ.’

ಎನ್‌ಎಸ್‌ಐಎಲ್ ಈಗ ಎಲ್‌ವಿಎಂ3ನ್ನು ಖಾಸಗಿ ಪಾಲುದಾರರ ಜೊತೆ ಸೇರಿ ತಯಾರಿಸುವ ದಾರಿ ಹುಡುಕುತ್ತಿದೆ. 2018ರಲ್ಲಿ ಹತ್ತಕ್ಕೆ ಒಂದೇ ಸಲ ಮಂಜೂರಾತಿ ಸಿಕ್ಕ ಹಾಗೆ, ಮುಂದಿನ ಐದಾರು ವರ್ಷದ ಆರ್ಡರನ್ನು ಒಟ್ಟಿಗೆ, ಕೆಳಗಿನ ಕಾರ್ಖಾನೆಯವರೆಗೆ ಲಿಖಿತವಾಗಿ ಮುಟ್ಟಿಸಿದರೆ ಅವರ ಪ್ರಶ್ನೆಗೆ ಉತ್ತರ ಸಿಗುತ್ತದೆ. ಹೊಸ ಯಂತ್ರಕ್ಕೆಂದು ಅವರು ಗೋಡೆಯ ಬದಿಯಲ್ಲಿ ಜಾಗ ಬಿಟ್ಟು, ನೆಲಕ್ಕೆ ಕಾಂಕ್ರೀಟ್ ಹಾಕಿಸಿದ್ದಾರೆ. ಸದ್ಯಕ್ಕೆ ಅಲ್ಲಿ ವಾಹನದ ಬಿಡಿಭಾಗಗಳ ಕ್ರೇಟ್‌ಗಳನ್ನು ಜೋಡಿಸಿಟ್ಟಿದ್ದಾರೆ.